ಮನೆಯ ಬ್ರೆಡ್ಡಿಗೆ ಕಲಬುರಗಿಯ ಅಳತೆ ಬೇಕು

ಮಾನ್ಯ ಸಂಪಾದಕರೇ,

ಕಂದು ಬಣ್ಣದ ಬ್ರೆಡ್ಡೆಲ್ಲ ಇಡೀ ಗೋಧಿಯದೇ ಎಂಬ ನಂಬಿಕೆ ನಮ್ಮ ಊರಿನಲ್ಲಿ ಇನ್ನೂ ಗಟ್ಟಿಯಾಗಿದೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮವಿರುವುದರಿಂದ, ಮೊದಲ ಹೆಸರು ಮೈದಾ ಆಗಿದ್ದರೆ ಒಳಗೆ ಹೆಚ್ಚಿಗೆ ಇರುವುದೂ ಮೈದಾವೇ. ಬಣ್ಣ ಎಷ್ಟೋ ಸಲ ಕ್ಯಾರಮೆಲ್‌ನದು.

ಈ ಕಾರಣಕ್ಕೇ ನಾನು ಗಿರಣಿಯ ಗೋಧಿ ಹಿಟ್ಟಿನಿಂದ ಮನೆಯಲ್ಲಿ ಬ್ರೆಡ್ ಮಾಡಲು ತೊಡಗಿದೆ. ಮೊದಲ ಪ್ರಯತ್ನ ಏಪ್ರಿಲ್ ತಿಂಗಳಿನದು. ಹಿಟ್ಟು ಒಂದೂವರೆ ತಾಸು ಉಬ್ಬಲಿ ಎಂದು ಪುಸ್ತಕ ಹೇಳಿತ್ತು. ನಲವತ್ತು ನಿಮಿಷಕ್ಕೇ ಅದು ಪಾತ್ರೆಯ ಅಂಚು ಮುಟ್ಟಿತು, ಪುಸ್ತಕವನ್ನೇ ನಂಬಿ ಕಾದೆ, ಕೊನೆಗೆ ನಡುವೆ ಕುಸಿದು ಹುಳಿ ವಾಸನೆ ಬಿಟ್ಟಿತು. ಆ ಬ್ರೆಡ್ಡನ್ನು ಪುಡಿ ಮಾಡಿ ಒಗ್ಗರಣೆ ಕೊಟ್ಟು ತಿಂದೆವು. ತಂಪು ಊರುಗಳ ಮೈದಾಕ್ಕೆಂದು ಬರೆದ ಅಳತೆಯನ್ನು ನಮ್ಮ ಬಿಸಿಲಿಗೂ ನಮ್ಮ ಹಿಟ್ಟಿಗೂ ಹಾಗೆಯೇ ಅನ್ವಯಿಸಿದ್ದೇ ತಪ್ಪಾಗಿತ್ತು.

ಗಿರಣಿಯ ಹಿಟ್ಟಿನಲ್ಲಿರುವ ಬೂಸಾ ನೀರನ್ನು ನಿಧಾನವಾಗಿ ಹೀರುತ್ತದೆ, ಗೋಧಿಯ ಅಂಟಿನ ಎಳೆಗಳನ್ನೂ ತುಂಡರಿಸುತ್ತದೆ. ಆದ್ದರಿಂದ 500 ಗ್ರಾಂ ಹಿಟ್ಟಿಗೆ 375ರಿಂದ 400 ಮಿಲಿಲೀಟರ್ ನೀರು ಬೇಕು. ಕಲಸಿ ಅರ್ಧ ತಾಸು ನೆನೆಯಲು ಬಿಟ್ಟು ಆಮೇಲೆ ನಾದಿದರೆ ಕೈಗೆ ಅಂಟುತ್ತಿದ್ದ ಮುದ್ದೆ ತಾನಾಗಿ ನುಣುಪಾಗುತ್ತದೆ. ಗಿರಣಿಯಿಂದ ಬಿಸಿಬಿಸಿಯಾಗಿ ತಂದ ಹಿಟ್ಟನ್ನು ಪೂರ್ತಿ ಆರಿಸಿಯೇ ಕಲಸಬೇಕು. ಬೇಸಿಗೆಯಲ್ಲಿ ಮಡಕೆಯ ತಣ್ಣೀರು ಬಳಸಿ, ಯೀಸ್ಟನ್ನು ಒಂದು ಚಮಚದಿಂದ ಅರ್ಧ ಚಮಚಕ್ಕೆ ಇಳಿಸಿ, ಗಡಿಯಾರ ನೋಡುವ ಬದಲು ಹಿಟ್ಟಿನ ಉಬ್ಬನ್ನು ನೋಡಬೇಕು. 190 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಬೇಯಿಸಿ, ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ (ಅಷ್ಟರೊಳಗೆ ಕರೆಂಟು ಹೋಗದಿದ್ದರೆ!). ಪೂರ್ತಿ ಆರುವ ಮೊದಲು ಕೊಯ್ದರೆ ಒಳಗೆ ಜಿಗುಟಾಗಿಯೇ ಉಳಿಯುತ್ತದೆ.

ಜೋಳದ ನಾಡಿನಲ್ಲಿದ್ದು ಜೋಳವನ್ನು ಬಿಡಬೇಕೇ ಎಂದು ಕೇಳುವವರಿದ್ದಾರೆ. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ಆದ್ದರಿಂದ ಅದೊಂದೇ ಉಬ್ಬದು. ಆದರೆ ರೊಟ್ಟಿಗೆ ಮಾಡುವಂತೆ 100 ಗ್ರಾಂ ಜೋಳದ ಹಿಟ್ಟನ್ನು ಕುದಿಯುವ ಎಸರಿನಲ್ಲಿ ಕಲಸಿ, ಆರಿಸಿ, 400 ಗ್ರಾಂ ಗೋಧಿ ಹಿಟ್ಟಿನೊಂದಿಗೆ ನಾದಿದರೆ, ಬೆಂದ ಜೋಳ ನೀರನ್ನು ಹಿಡಿದಿಟ್ಟುಕೊಂಡು ಬ್ರೆಡ್ಡು ಮರುದಿನವೂ ಮೆತ್ತಗಿರುತ್ತದೆ. ರೊಟ್ಟಿ ಬಡಿದು ಪಳಗಿದ ಕೈಗಳಿಗೆ ಎಸರಿನ ಹದವನ್ನು ಯಾರೂ ಕಲಿಸಬೇಕಿಲ್ಲ.

ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರು ಮಹಿಳಾ ಸ್ವಸಹಾಯ ಸಂಘಗಳಿಗೆ ಈ ಬ್ರೆಡ್ಡಿನ ತರಬೇತಿ ಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ನಮ್ಮ ಹಿಟ್ಟಿಗೆ, ಬೇಸಿಗೆಗೆ ಮತ್ತು ಚಳಿಗಾಲಕ್ಕೆ ಬೇರೆಬೇರೆಯಾಗಿ ಪರೀಕ್ಷಿಸಿದ ಅಳತೆಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಬಡಾವಣೆಯ ಗಿರಣಿಗಳ ಗೋಡೆಗೆ ಅಂಟಿಸಿದರೂ ಸಾಕು. ಡಬ್ಬಿ ಹಿಡಿದು ಸರದಿಗಾಗಿ ಕಾಯುವಾಗ ನಾವೇ ಓದಿಕೊಳ್ಳುತ್ತೇವೆ.

– ಓರ್ವ ನಿವೃತ್ತ ಶಿಕ್ಷಕಿ, ಕಲಬುರಗಿ