ಸಿಸಿ ಒಂದೇ ನೋಡಿ ಕ್ರೂಸರ್ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಸಣ್ಣ ಎಂಜಿನ್ನಿನ ಕ್ರೂಸರ್ (ತಗ್ಗು ಸೀಟಿನ, ಆರಾಮ ಸವಾರಿಯ) ಬೈಕ್ ಕೊಳ್ಳುವವರು ಸಿಸಿ ಲೆಕ್ಕವನ್ನಷ್ಟೇ ಹೋಲಿಸಿ ಎಡವುತ್ತಾರೆ. ಹೋಂಡಾ ರೆಬೆಲ್ 300ರದ್ದು 286 ಸಿಸಿಯ ಒಂದೇ ಸಿಲಿಂಡರ್. ಲಿಕ್ವಿಡ್ ಕೂಲಿಂಗ್, ಫ್ಯೂಯಲ್ ಇಂಜೆಕ್ಷನ್, ಆರು ಗೇರ್. ಯಮಹಾ ವಿ ಸ್ಟಾರ್ 250ರದ್ದು 249 ಸಿಸಿಯ ವಿ-ಟ್ವಿನ್, ಅಂದರೆ ‘ವಿ’ ಆಕಾರದಲ್ಲಿ ಎರಡು ಸಿಲಿಂಡರ್. ಏರ್ ಕೂಲಿಂಗ್, ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ), ಐದೇ ಗೇರ್. ಕಿವಿಗೆ ಎರಡನೆಯದೇ ಇಂಪು. ಆದರೆ ಕಾರ್ಬ್ಯುರೇಟರ್ ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗಿನ ಪೆಟ್ರೋಲ್ ಆರಿ, ನಿಧಾನ ಓಟಕ್ಕೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್‌ನ ಕೂದಲೆಳೆಯಷ್ಟು ತೂತು ಕಟ್ಟಿಕೊಳ್ಳುತ್ತದೆ. ಆಮೇಲೆ ಚೋಕ್ ಎಳೆದಿದ್ದರಷ್ಟೇ ಓಟ, ಬಿಟ್ಟೊಡನೆ ಆಫ್.

ಸೆಕೆಂಡ್ ಹ್ಯಾಂಡ್ ಆದರೆ ಎಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿಯೇ ಸ್ಟಾರ್ಟ್ ಮಾಡಿ. ಮೊದಲೇ ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ತೊಂದರೆಯನ್ನು ಮಾರುವವರು ಮುಚ್ಚಿಡುತ್ತಿರಬಹುದು! ಹಿಂಚಕ್ರ ತಿರುಗಿಸುತ್ತ ಚೈನ್ ಎತ್ತಿ ನೋಡಿ: ಒಂದೆಡೆ ಬಿಗಿ, ಇನ್ನೊಂದೆಡೆ ಜೋತಾಡಿದರೆ ಚೈನ್ ಜೊತೆಗೆ ಎರಡೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಬದಲಿಸುವ ಖರ್ಚು ಲೆಕ್ಕ ಹಾಕಿಕೊಳ್ಳಿ. ಟೈರಿನ ಪಕ್ಕದಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು.

ತಗ್ಗು ಸೀಟು ಗಿಡ್ಡ ಸವಾರರಿಗೆ ಅನುಕೂಲವೇ. ಆದರೆ ಹಿಂದಿನ ಶಾಕ್ ಅಬ್ಸಾರ್ಬರ್ ಒತ್ತುವುದು ಸ್ವಲ್ಪವೇ ಆದ್ದರಿಂದ ಗುಂಡಿಯ ಪೆಟ್ಟು ನೇರ ಸೊಂಟಕ್ಕೆ. ಕಾಲು ಮುಂದೆ ಚಾಚುವ ಮಾದರಿಗಳಲ್ಲಿ ಪೆಟ್ಟು ತಪ್ಪಿಸಿಕೊಳ್ಳಲು ಸೀಟಿನಿಂದ ಎದ್ದು ನಿಲ್ಲಲೂ ಆಗದು. ಟೆಸ್ಟ್ ರೈಡ್‌ಗೆ ಐದು ನಿಮಿಷ ಸಾಲದು, ಅರ್ಧ ಗಂಟೆಯಾದರೂ ಓಡಿಸಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು.

– ಓದುಗ