ಫ್ರಿಜ್ ಬಾಗಿಲಿನ ಗೀರು: ಅಪ್ಪನಿಗೊಂದು ಕಾಗದ

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಪುಟ್ಟಿ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ನೀವೂ ಅಮ್ಮನೂ ಕ್ಷೇಮವಾಗಿರುವುದನ್ನು ಭಾನುವಾರ ವಿಡಿಯೊ ಕರೆಯಲ್ಲೇ ಕಂಡೆ. ಫೋನಿದ್ದೂ ಇವಳೇಕೆ ಇಷ್ಟುದ್ದ ಕಾಗದ ಬರೆದಿದ್ದಾಳೆ ಎಂದು ನಗಬೇಡಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು "ಸರಿ ಸರಿ, ಗೊತ್ತಾಯ್ತು" ಅಂದುಬಿಡುತ್ತೀರಿ. ಅದಕ್ಕೇ ಮೇಲ್ ಮಾಡಿದ್ದೇನೆ, ಅಣ್ಣ ಪ್ರಿಂಟ್ ತೆಗೆದುಕೊಡುತ್ತಾನೆ. ನಿಧಾನವಾಗಿ ಓದಿ.

ಅಮ್ಮ ಫೋನು ತಿರುಗಿಸಿ ತೋರಿಸಿದ ಗೀರು ನೋಡಿದೆ. ಹೊಸ ಫ್ರಿಜ್ಜಿನ ಸ್ಟೀಲ್ ಬಾಗಿಲ ಮೇಲೆ, ಹಿಡಿಯ ಕೆಳಗೆ, ಓರೆಯಾಗಿ ಎಳೆದ ಗೇಣುದ್ದದ ಬಿಳಿ ಗೆರೆ. ಒಳಗೆ ತರುವಾಗ ಯಾರದೋ ಬೆಲ್ಟಿನ ಬಕಲ್ ತಾಗಿರಬೇಕು. ಗೀರು ನೋಡಿ ಬೇಜಾರಾಯಿತು, ಆದರೆ ಎದೆ ಧಸಕ್ಕೆಂದದ್ದು ಹಿಂದೆ ನಿಂತಿದ್ದ ನಿಮ್ಮ ಮಾತು ಕೇಳಿ: "ಒಂದು ಹಾಳೆ ಎಮರಿ ಪೇಪರ್ ತಂದು ನಾಲ್ಕು ಸಲ ಉಜ್ಜಿದರೆ ಮಾಯ." ಅಪ್ಪ, ಇದನ್ನು ಕೊನೆವರೆಗೂ ಓದುವ ತನಕ ಎಮರಿ ಮುಟ್ಟಬೇಡಿ. ಕೊನೆಗೆ ನಾನೂ ಉಜ್ಜಿ ಎಂದೇ ಹೇಳುತ್ತೇನೆ. ಆದರೆ ಯಾವುದನ್ನು, ಯಾವ ಕಡೆಗೆ, ಎಲ್ಲಿಯವರೆಗೆ ಎಂಬ ಮೂರು ವಿಷಯ ನಡುವೆ ಇವೆ. ಅವನ್ನು ನಾನು ಕಲಿತದ್ದು ಕೆಡಿಸಿಕೊಂಡ ಮೇಲೆ.

ನಿಮಗೆ ಹೇಳಿರಲಿಲ್ಲ. ಈ ಬಾಡಿಗೆ ಮನೆಗೆ ಬಂದ ತಿಂಗಳಲ್ಲೇ ಪಾತ್ರೆ ತೊಳೆಯುವ ಮಿಷಿನ್ನಿನ ಬಾಗಿಲಿಗೆ ಕುರ್ಚಿಯ ಕಾಲು ತಗುಲಿಸಿದೆ. ಬೆರಳುದ್ದದ ಗೀರು, ಅಷ್ಟೇ. ಮಾಲೀಕರ ಕಣ್ಣಿಗೆ ಬೀಳುವ ಮೊದಲು ತೆಗೆದುಬಿಡೋಣ ಎಂದು ಸಿಂಕಿನ ಪಕ್ಕ ಬಿದ್ದಿದ್ದ ಹಸಿರು ಸ್ಕ್ರಬ್ಬರ್ ಹಿಡಿದು ಗುಂಡಗೆ, ಗುಂಡಗೆ, ಕೈಸೋಲುವಷ್ಟು ಉಜ್ಜಿದೆ. ಹತ್ತು ನಿಮಿಷ ಕಳೆದ ಮೇಲೆ ಗೀರು ಕಾಣಿಸುತ್ತಿರಲಿಲ್ಲ, ನಿಜ. ಅದರ ಜಾಗದಲ್ಲಿ ಅಂಗೈಯಗಲದ ಮಬ್ಬು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಎಷ್ಟು ಒರೆಸಿದರೂ ಆರದ ಉಸಿರು. ಬಾಗಿಲಿಂದ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದೇ ಅದು ಎಂಬಂತಾಯಿತು. ಮುಂದೆ ಎರಡು ಶನಿವಾರ ಆ ಮಬ್ಬಿನ ಮುಂದೆ ಮಂಡಿಯೂರಿ ಕಳೆದೆ.

ಆಗ ಟಾರ್ಚ್ ಹಿಡಿದು ಓರೆಯಾಗಿ ಬೆಳಕು ಬಿಟ್ಟು ನೋಡಿದಾಗ ವಿಷಯ ತಿಳಿಯಿತು. ನುಣುಪಾಗಿ ಕಾಣುವ ಆ ಬಾಗಿಲು ನುಣುಪಲ್ಲವೇ ಅಲ್ಲ. ತಲೆಗೂದಲಿಗಿಂತ ಸಣ್ಣ ಎಳೆಗಳು, ಒತ್ತೊತ್ತಾಗಿ, ಎಲ್ಲವೂ ಒಂದೇ ದಿಕ್ಕಿಗೆ. ಕಾರ್ಖಾನೆಯಲ್ಲೇ ಒರಟು ಪಟ್ಟಿಯ ಮೇಲೆ ತಗಡನ್ನು ತೀಡಿ ಮೂಡಿಸಿದ ಎಳೆಗಳವು. ಅಂದರೆ ಆ ಬಾಗಿಲು ಮನೆಗೆ ಬರುವ ಮೊದಲೇ ಲೆಕ್ಕವಿಲ್ಲದಷ್ಟು ಗೀರು ತಿಂದದ್ದು. ಎಲ್ಲವೂ ಒಂದೇ ಕಡೆಗೆ ಇರುವುದರಿಂದ ಬೆಳಕನ್ನು ಒಂದೇ ರೀತಿ ಚೆಲ್ಲುತ್ತವೆ, ನಮ್ಮ ಕಣ್ಣಿಗೆ ಅದು ಹೊಳಪು. ಬಕಲ್ಲಿನ ಗೆರೆ ಅಡ್ಡ ಬಂದು ಬೆಳಕನ್ನು ಬೇರೆ ಕಡೆಗೆ ಚೆಲ್ಲಿತು, ಅದಕ್ಕೇ ಎದ್ದು ಕಾಣುತ್ತಿದೆ. ನಾನು ಗುಂಡಗೆ ಉಜ್ಜಿದ್ದರಿಂದ ಒಂದು ಅಡ್ಡ ಗೆರೆಯ ಬದಲು ಸಾವಿರ ಅಡ್ಡ ಗೆರೆ ಮಾಡಿದೆ.

ನಿಮಗಿದು ಬೇಗ ಅರ್ಥವಾಗುತ್ತದೆ. ಚಿಕ್ಕವಳಿದ್ದಾಗ ಹಲಗೆಗೆ ಕೀಸುಳಿ ಹಾಕುತ್ತಾ ನೀವು ಹೇಳಿದ್ದಿರಿ, ಎಳೆಗೆ ಎದುರಾಗಿ ಕೀಸಿದರೆ ಮರ ಸಿಬಿರೇಳುತ್ತದೆ, ಮೊದಲು ಎಳೆ ಯಾವ ಕಡೆ ಓಡುತ್ತದೆ ನೋಡು ಅಂತ. ಸ್ಟೀಲಿಗೂ ಅದೇ ಮಾತು. ಗೀರನ್ನು ಅಳಿಸಲಾಗುವುದಿಲ್ಲ, ಹೋದ ಲೋಹ ಹೋಯಿತು. ಅದರ ಸುತ್ತಲ ಜಾಗವನ್ನು ಎಳೆಯ ದಿಕ್ಕಿನಲ್ಲೇ ಒಂದಿಷ್ಟು ತೀಡಿ, ಆ ಗೀರು ಗುಂಪಿನಲ್ಲಿ ಕಲೆತುಹೋಗುವಂತೆ ಮಾಡಬಹುದು.

ಈಗ ಮೊದಲನೆಯ ವಿಷಯ, ಉಜ್ಜಬಹುದಾದ ಬಾಗಿಲೇ ಅದು ಎಂಬುದು. ಇತ್ತೀಚಿನ ಎಷ್ಟೋ ಫ್ರಿಜ್ಜುಗಳಿಗೆ ಬೆರಳಚ್ಚು ಅಂಟದಿರಲೆಂದು ಕಣ್ಣಿಗೆ ಕಾಣದ ಒಂದು ಲೇಪನ ಕೊಟ್ಟಿರುತ್ತಾರೆ. ಅದರ ಮೇಲೆ ಎಮರಿ ಆಡಿಸಿದರೆ ಲೇಪನ ಅಲ್ಲಿ ಮಾತ್ರ ಹೋಗಿ, ಸುತ್ತ ಒಂದು ಬಣ್ಣ, ನಡುವೆ ಒಂದು ಬಣ್ಣ ಉಳಿಯುತ್ತದೆ. ಅದನ್ನು ಮನೆಯಲ್ಲಿ ಸರಿಮಾಡುವ ದಾರಿಯೇ ಇಲ್ಲ. ಕಪ್ಪು ಸ್ಟೀಲ್ ಎಂದು ಮಾರುವವೂ ಹಾಗೇ, ಕಪ್ಪು ಇರುವುದು ಮೇಲಿನ ಪದರದಲ್ಲಿ ಮಾತ್ರ, ತೀಡಿದರೆ ಕೆಳಗಿನ ಬೆಳ್ಳಿಬಣ್ಣ ಹೊರಬರುತ್ತದೆ. ಇನ್ನು ಕೆಲವು ಬರೀ ಸ್ಟೀಲಿನಂತೆ ಕಾಣುವ ಬಣ್ಣದ ತಗಡುಗಳು. ಜೊತೆಗೆ ಬಂದ ಪುಸ್ತಕವನ್ನು ನೀವು ಎಲ್ಲಿ ಇಟ್ಟಿರುತ್ತೀರಿ ನನಗೆ ಗೊತ್ತು, ಪ್ಯಾಕಿಂಗ್ ಡಬ್ಬದಲ್ಲೇ. ತೆಗೆದು ನೋಡಿ. ಲೇಪನ, ಕೋಟಿಂಗ್, ಬೆರಳಚ್ಚು ಎಂಬ ಮಾತು ಎಲ್ಲಾದರೂ ಇದ್ದರೆ ಈ ಕಾಗದವನ್ನು ಇಲ್ಲಿಗೇ ಮಡಚಿ ಒಳಗಿಡಿ. ಆ ಗೀರಿನ ಜೊತೆ ಬಾಳುವುದೇ ಮೇಲು.

ಲೇಪನವಿಲ್ಲ ಎಂದು ಖಾತ್ರಿಯಾದರೂ ಎಮರಿಗೆ ಹೋಗಬೇಡಿ. ಅದು ಗೀರೇ ಹೌದೇ ನೋಡಿ. ಸ್ಟೀಲಿಗಿಂತ ಮೆತುವಾದ ಲೋಹ ತಾಗಿದಾಗ ಎಷ್ಟೋ ಸಲ ಸ್ಟೀಲು ಕೊರೆಯುವುದಿಲ್ಲ, ಆ ಲೋಹವೇ ಸೀಸದಕಡ್ಡಿ ಎಳೆದ ಹಾಗೆ ಮೇಲೆ ಅಂಟಿಕೊಳ್ಳುತ್ತದೆ. ಅಲ್ಯೂಮಿನಿಯಂ ಹಾಗೆ ಮಾಡುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ, ಮೆತ್ತನೆ ಬಟ್ಟೆಯಲ್ಲಿ, ಎಳೆಯ ಗುಂಟ ಒರೆಸಿ ನೋಡಿ. ಸೋಡಾ ಸ್ಟೀಲಿಗಿಂತ ಮೃದು, ಏನೂ ಕೆಡುವುದಿಲ್ಲ. ಮೇಲೆ ಅಂಟಿದ್ದಾದರೆ ಬಿಡುತ್ತದೆ. ಸೋಡಾದಿಂದ ಗೀರು ಹೋಯಿತು ಎಂದು ಹೇಳುವವರಲ್ಲಿ ಬಹಳ ಮಂದಿಗೆ ಇದ್ದದ್ದು ಗೀರೇ ಅಲ್ಲ ಎಂಬುದು ನನ್ನ ಅನುಮಾನ.

ಆಮೇಲೆ ಕಣ್ಣುಮುಚ್ಚಿ ಉಗುರನ್ನು ಗೆರೆಗೆ ಅಡ್ಡಲಾಗಿ ಎಳೆಯಿರಿ. ಉಗುರಿಗೆ ಗೊತ್ತೇ ಆಗದಿದ್ದರೆ ಕೆಲಸ ಸುಲಭ. ಉಗುರು ಸಿಕ್ಕಿಕೊಂಡು ನಿಂತರೆ ಆಳವಾಗಿದೆ. ಆಳದ ಗೀರಿನ ತಳ ಮುಟ್ಟುವವರೆಗೆ ತೀಡಲು ಹೋದರೆ ಅಲ್ಲಿ ತಗ್ಗಾಗುತ್ತದೆ, ಬೆಳಕು ಬಿದ್ದಾಗ ಬಾಗಿಲು ಅಲೆಯಲೆಯಾಗಿ ಕಾಣುತ್ತದೆ. ಆ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಅಂಥದ್ದರ ಅಂಚನ್ನು ಮಾತ್ರ ಮೃದು ಮಾಡಿ ಬಿಟ್ಟುಬಿಡಿ. ಅರ್ಧ ಕಂಡರೂ ಪರವಾಗಿಲ್ಲ.

ಇನ್ನು ಕೆಲಸ. ಎಮರಿಯ ನಂಬರು ದೊಡ್ಡದಾದಷ್ಟೂ ಕಣ ಸಣ್ಣದು, ನಿಮಗೆ ಗೊತ್ತಿದೆ. ಕಬ್ಬಿಣದ ಗೇಟಿಗೆ ತಂದು ಮಿಕ್ಕ ಒರಟು ಹಾಳೆ ಮನೆಯಲ್ಲಿದ್ದರೆ ಅದು ಬೇಡವೇ ಬೇಡ. ಒಂದು, ಅದು ಒರಟು. ಎರಡು, ಅದರಲ್ಲಿ ಕಬ್ಬಿಣದ ಪುಡಿ ಸಿಕ್ಕಿಕೊಂಡಿರುತ್ತದೆ. 400, 600, 800 ನಂಬರಿನ ನೀರಿನಲ್ಲಿ ಬಳಸುವ ಹೊಸ ಹಾಳೆಗಳು ಸಾಕು. ಇದಲ್ಲದೆ ಬಣ್ಣದ ನಾರಿನಂಥ ಪ್ಯಾಡುಗಳು ಬರುತ್ತವೆ. ಸಾಮಾನ್ಯವಾಗಿ ಕೆಂಗಂದು ಬಣ್ಣದ್ದು ಕೊಂಚ ಒರಟು, ಬೂದುಬಣ್ಣದ್ದು ಅದಕ್ಕಿಂತ ನಯ. ನನ್ನನ್ನು ಕಾಪಾಡಿದ್ದು ಆ ಬೂದು ಪ್ಯಾಡು.

ಫ್ರಿಜ್ಜಿನ ಪ್ಲಗ್ ತೆಗೆದಿರಿ. ಹಿಡಿ, ಹೆಸರಿನ ಪಟ್ಟಿ, ರಬ್ಬರಿನ ಅಂಚು ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ. ಬಾಗಿಲನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿ. ಇದನ್ನು ಬಿಡಬೇಡಿ, ಧೂಳಿನಲ್ಲಿರುವ ಮರಳಿನ ಕಣ ಸ್ಟೀಲಿಗಿಂತ ಗಟ್ಟಿ, ನಿಮ್ಮ ಎಮರಿಗೆ ಮುಂಚೆ ಅದೇ ಗೀರುತ್ತದೆ. ಟಾರ್ಚ್ ಹಿಡಿದು ಎಳೆ ನಿಂತಿದೆಯೋ ಮಲಗಿದೆಯೋ ನೋಡಿಕೊಳ್ಳಿ. ಬಾಗಿಲಿನದು ಒಂದು ಕಡೆ, ಹಿಡಿಯದು ಇನ್ನೊಂದು ಕಡೆ ಇರಬಹುದು, ಬೇರೆ ಬೇರೆಯಾಗಿ ನೋಡಿ. ಹಾಳೆಯನ್ನು ಬೆರಳಿನಿಂದ ಒತ್ತಬೇಡಿ, ಬೆರಳಿದ್ದಲ್ಲಿ ಮಾತ್ರ ಹಳ್ಳ ಬೀಳುತ್ತದೆ. ಸಣ್ಣ ಮರದ ತುಂಡಿಗೆ ಸುತ್ತಿಕೊಳ್ಳಿ.

ಮೊದಲು ಬೂದು ಪ್ಯಾಡನ್ನೇ ಒದ್ದೆ ಮಾಡಿ ಆಡಿಸಿ. ಗೀರು ಬರೀ ಮೇಲುಮೇಲಿನದಾದರೆ ಅಷ್ಟರಲ್ಲೇ ಕೆಲಸ ಮುಗಿದಿರುತ್ತದೆ. ಆಗದಿದ್ದರೆ 800, ಅದಕ್ಕೂ ಜಗ್ಗದಿದ್ದರೆ 600, ತೀರಾ ಬೇಕಾದರೆ ಮಾತ್ರ 400. ಕೈ ಒಂದೇ ಕಡೆಗೆ ಹೋಗಬೇಕು, ಎತ್ತಿ ಮತ್ತೆ ಮೊದಲಿನ ಜಾಗಕ್ಕೆ ತಂದು ಹಚ್ಚಬೇಕು. ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ತಿರುಗುವ ತುದಿಗಳಲ್ಲಿ ಕೊಕ್ಕೆಯಂಥ ಗುರುತು ಉಳಿಯುತ್ತದೆ. ನೀವು ಕೈಯನ್ನು ಗರಗಸದ ಹಾಗೆಯೇ ಆಡಿಸುತ್ತೀರಿ ಎಂಬುದು ನನಗೆ ಈಗಲೇ ಕಣ್ಣಿಗೆ ಕಟ್ಟುತ್ತಿದೆ. ಒತ್ತಡ ಕಡಿಮೆ ಇರಲಿ, ನೀರು ಧಾರಾಳವಾಗಿರಲಿ, ಹತ್ತು ಸಲ ಎಳೆದು ಒರೆಸಿ ಒಣಗಿದ ಮೇಲೆ ನೋಡಿ. ಒದ್ದೆಯಿದ್ದಾಗ ಎಲ್ಲ ಗೀರೂ ಮಾಯವಾದಂತೆ ಕಾಣುತ್ತದೆ, ಆ ಮೋಸಕ್ಕೆ ನಾನು ಮೂರು ಸಲ ಬಿದ್ದಿದ್ದೇನೆ.

ಎಲ್ಲರೂ ಎಡವುವುದು ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ. ಪಾಲಿಷ್ ಮಾಡುವಾಗ ನಯದಿಂದ ಇನ್ನೂ ನಯಕ್ಕೆ ಹೋಗುತ್ತಾ ಇರಬೇಕು ಎಂಬುದು ನಮ್ಮ ಅಭ್ಯಾಸ. ಇಲ್ಲಿ ಹಾಗಲ್ಲ. ಸುತ್ತಲ ಬಾಗಿಲು ಎಷ್ಟು ನಯವೋ ಅಷ್ಟಕ್ಕೇ ನಿಲ್ಲಬೇಕು. ನನ್ನ ಎರಡನೇ ಶನಿವಾರ ಹಾಳಾದದ್ದು ಹೀಗೆ. ಮಬ್ಬು ಹೋಯಿತೆಂಬ ಹುಮ್ಮಸ್ಸಿನಲ್ಲಿ 1500ರ ಹಾಳೆ ಆಡಿಸಿದೆ, ಆ ಭಾಗ ಮಾತ್ರ ಕನ್ನಡಿಯಂತೆ ಮಿಂಚತೊಡಗಿತು. ಮತ್ತೆ ಒರಟು ಪ್ಯಾಡಿಗೆ ಹಿಂತಿರುಗಿ ಮಂಕು ಮಾಡಬೇಕಾಯಿತು. ಕೊನೆಯಲ್ಲಿ ಬೂದು ಪ್ಯಾಡನ್ನು ಗೀರಿದ್ದ ಜಾಗಕ್ಕಷ್ಟೇ ಬಿಡದೆ, ಆ ಪಟ್ಟಿಯುದ್ದಕ್ಕೂ ಬಾಗಿಲಿನ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಉಸಿರಿಗೆ ನಾಲ್ಕಾರು ಸಲ ಎಳೆಯಿರಿ. ಆಗ ಎಲ್ಲಿಂದ ಎಲ್ಲಿಗೆ ಕೈಯಾಡಿಸಿದ್ದೀರಿ ಎಂಬ ಗಡಿ ಉಳಿಯುವುದಿಲ್ಲ. ನಂತರ ತೊಳೆದು ಒರೆಸಿದರಾಯಿತು.

ಕಬ್ಬಿಣದ ತಂತಿ ನಾರನ್ನು ಮಾತ್ರ ಹತ್ತಿರ ತರಬೇಡಿ. ಅದರ ಪುಡಿ ಎಳೆಗಳಲ್ಲಿ ಕೂತು ತುಕ್ಕು ಹಿಡಿಯುತ್ತದೆ, ಆಮೇಲೆ ಸ್ಟೀಲಿಗೇ ತುಕ್ಕು ಎಂದು ಎಲ್ಲರೂ ಗಾಬರಿಯಾಗುತ್ತೀರಿ. ಬ್ಲೀಚ್ ಕೂಡ ಬೇಡ, ಅದರ ಕ್ಲೋರಿನ್ ಸ್ಟೀಲಿನಲ್ಲಿ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಗೀರಿದ ಕಡೆ ತುಕ್ಕು ಬರುತ್ತದೆಯೇ ಎಂದು ನೀವು ಕೇಳಿದ್ದಿರಲ್ಲ. ಬಣ್ಣ ಹೊಡೆದ ಕಬ್ಬಿಣವಾಗಿದ್ದರೆ ಬರುತ್ತಿತ್ತು. ಸ್ಟೇನ್‌ಲೆಸ್ ಸ್ಟೀಲಿಗೆ ಕಾವಲು ಒಳಗಿನಿಂದಲೇ ಬರುತ್ತದೆ. ಅದರಲ್ಲಿ ಕನಿಷ್ಠ ನೂರಕ್ಕೆ 10.5 ಭಾಗ ಕ್ರೋಮಿಯಂ ಇರುತ್ತದೆ. ಗಾಳಿ ತಾಗಿದ ಕೂಡಲೇ ಅದು ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ಗೀರಿದರೆ ಪೊರೆ ಹರಿಯುತ್ತದೆ, ಹರಿದಲ್ಲಿ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ನಮ್ಮ ತರಚುಗಾಯಕ್ಕೆ ಹಕ್ಕಳೆ ಕಟ್ಟಿದ ಹಾಗೆ. ಈ ಗುಣವನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಗುರುತಿಸಿದ. ಅವನು ಹುಡುಕುತ್ತಿದ್ದದ್ದು ಬೇಗ ಸವೆಯದ ಬಂದೂಕಿನ ನಳಿಗೆಗೆ ಲೋಹ, ಅದು ಹೋಗಿ ಹೋಗಿ ಅಡುಗೆಮನೆಗೆ ಬಂತು. ಹಾಗಾಗಿ ನಿಮ್ಮ ಫ್ರಿಜ್ಜಿಗೆ ಆದದ್ದು ಬರೀ ಕಣ್ಣಿಗೆ ಆದ ನೋವು, ಆತುರಪಡಬೇಕಾದ್ದು ಏನೂ ಇಲ್ಲ.

ಸಿಂಕನ್ನೂ ಇದೇ ಕೈಯಲ್ಲಿ ಉಜ್ಜುತ್ತೇನೆ ಎಂದು ಹೊರಡಬೇಡಿ. ಹೊಸ ಸಿಂಕಿನ ಮೊದಲ ಗೀರು ಕಣ್ಣು ಚುಚ್ಚುತ್ತದೆ, ದಿನಾ ಪಾತ್ರೆ ಬಿದ್ದು ಬಿದ್ದು ಸಾವಿರ ಗೀರಾದ ಮೇಲೆ ಯಾವುದೂ ಕಾಣಿಸುವುದಿಲ್ಲ. ಅದನ್ನು ಅದರ ಪಾಡಿಗೆ ಬಿಡಿ.

ಒಂದು ಕೋರಿಕೆ. ಗೀರಿನ ಮೇಲೆ ಕೈಯಿಡುವ ಮೊದಲು ಬಾಗಿಲ ಕೆಳಗಿನ ಮೂಲೆಯಲ್ಲಿ, ಯಾರೂ ಬಗ್ಗಿ ನೋಡದ ಕಡೆ, ಎರಡು ಬೆರಳಗಲ ಮಾಡಿ ನೋಡಿ. ಭಾನುವಾರ ಕರೆ ಮಾಡಿದಾಗ ಆ ಮೂಲೆಯನ್ನು ನನಗೆ ತೋರಿಸಿ. ಅಲ್ಲಿ ಸರಿಬಂದಿದ್ದರೆ ಉಳಿದದ್ದನ್ನು ಇಬ್ಬರೂ ಒಟ್ಟಿಗೆ ಮಾಡೋಣ, ನೀವು ಅಲ್ಲಿಂದ ಎಳೆಯಿರಿ, ನಾನು ಇಲ್ಲಿಂದ "ಸಾಕು ಸಾಕು" ಅನ್ನುತ್ತೇನೆ.

ಇಂತಿ ನಿಮ್ಮ ಮಗಳು,
ಪುಟ್ಟಿ

ಅಮ್ಮನಿಗೆ: ಅಯಸ್ಕಾಂತ ಅಂಟುತ್ತದೆ, ಆದ್ದರಿಂದ ಇದು ಅಸಲಿ ಸ್ಟೀಲ್ ಅಲ್ಲ, ಮೋಸ ಮಾಡಿದ್ದಾರೆ ಅಂತ ನೀನು ಅಂದೆಯಲ್ಲ, ಹಾಗೇನಿಲ್ಲ. 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ 304 ಎಂಬ ಜಾತಿಗೆ ಸಾಮಾನ್ಯವಾಗಿ ಅಂಟುವುದಿಲ್ಲ, ಸಿಂಕುಗಳು ಹೆಚ್ಚಾಗಿ ಅದರವು. ನಿಕ್ಕಲ್ ಹಾಕದ 430 ಎಂಬುದಕ್ಕೆ ಅಂಟುತ್ತದೆ, ಅದೂ ಸ್ಟೇನ್‌ಲೆಸ್ಸೇ, ಬಾಗಿಲುಗಳಿಗೆ ಅದನ್ನೂ ಬಳಸುತ್ತಾರೆ. ಆದರೆ ಅಂಟುತ್ತದೆ ಅಂತ ಬಾಗಿಲ ತುಂಬ ಗೊಂಬೆ ಅಂಟಿಸಿದ್ದೀಯಲ್ಲ, ಅವುಗಳ ಅಡಿಗೆ ಧೂಳು ಸೇರಿ, ಜರುಗಿಸಿದಾಗಲೆಲ್ಲ ಸಣ್ಣ ಗೀರು ಬೀಳುತ್ತದೆ. ಎಲ್ಲವನ್ನೂ ಪಕ್ಕದ ಗೋಡೆಗೆ ಮುಖಮಾಡಿದ ಬದಿಗೆ ಸಾಗಿಸು. ಆನೆ ಗೊಂಬೆ ಮಾತ್ರ ಇರಲಿ, ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಅಪ್ಪ ಹೇಗೂ ಬಕಲ್ಲಿನ ಗೀರನ್ನು ಅದರಡಿ ಮುಚ್ಚಿಡಬಹುದು ಎಂದು ಆಗಲೇ ಯೋಚಿಸಿರುತ್ತಾರೆ.