ಮೊದಲು ಬಾಯಿ ಮುಚ್ಚಿಸುತ್ತಾರೆ

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆಯೊಂದರಲ್ಲಿ ಗುಂಡು ಹಾರಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಕೇಳಿಬರುವುದು ಒಂದೇ ಮಾತು: ‘ಕೋವಿ ಅವರ ರಕ್ತದಲ್ಲೇ ಇದೆ ಮಾರಾಯ್ರೆ, ಯಾವ ಸರ್ಕಾರ ಬಂದರೂ ಅಷ್ಟೇ.’ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಗುಲಾಮಗಿರಿಯ ಬಗ್ಗೆಯೂ ಅಲ್ಲಿ ಹೀಗೇ ಹೇಳುತ್ತಿದ್ದರು.

ಅಂದಹಾಗೆ, ನಾನು ಕೋವಿ ದ್ವೇಷಿಯಲ್ಲ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳ ಕಾಟಕ್ಕೆಂದು ನಮ್ಮ ತಂದೆ ಪಡೆದ ಲೈಸೆನ್ಸು ಈಗ ನನ್ನ ಹೆಸರಿನಲ್ಲಿದೆ. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಮಲೆನಾಡಿನ ಬೆಳೆಗಾರರೆಲ್ಲ ಅದಕ್ಕೆ ಗೊಣಗುತ್ತೇವೆ. ಆದರೆ ಲೈಸೆನ್ಸು ಕೇಳುವುದೇ ಅನ್ಯಾಯ ಎಂದವರನ್ನು ನಾನಂತೂ ಕಂಡಿಲ್ಲ.

ಗುಲಾಮಗಿರಿ ನಿಲ್ಲಿಸಿ ಎಂದು ಜನ ಬರೆದ ಅರ್ಜಿಗಳು ರಾಶಿ ಬೀಳತೊಡಗಿದಾಗ, ಅಮೆರಿಕದ ಕೆಳಮನೆ 1836ರಲ್ಲಿ ಒಂದು ನಿರ್ಣಯ ಮಾಡಿತು. ಅಂಥ ಅರ್ಜಿಗಳನ್ನು ಚರ್ಚಿಸುವಂತಿಲ್ಲ, ಬಂದ ಹಾಗೇ ಬದಿಗಿಡಬೇಕು! ಇದನ್ನು ವರ್ಷಗಟ್ಟಲೆ ಕೆಣಕಿದವರು ಜಾನ್ ಕ್ವಿನ್ಸಿ ಆಡಮ್ಸ್. ಅಧ್ಯಕ್ಷ ಪದವಿಯಿಂದ ಇಳಿದ ಮೇಲೆ ಕೆಳಮನೆಗೆ ಸಾಮಾನ್ಯ ಸದಸ್ಯರಾಗಿ ಗೆದ್ದು ಬಂದಿದ್ದ ಮುದುಕ. 1837ರಲ್ಲಿ ಎದ್ದು ನಿಂತು, ಗುಲಾಮರೇ ಕಳಿಸಿದ್ದೆನ್ನಲಾದ ಅರ್ಜಿಯೊಂದು ತನ್ನ ಬಳಿ ಇದೆ, ಅದಕ್ಕೂ ಈ ನಿಯಮ ಅನ್ವಯಿಸುತ್ತದೆಯೇ ಎಂದು ಸ್ಪೀಕರರನ್ನು ಕೇಳಿದರು. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳ ಸದಸ್ಯರು ಕೆರಳಿ ಖಂಡನಾ ನಿರ್ಣಯಕ್ಕೇ ಹೊರಟರು. ಆಮೇಲೆ ತಿಳಿಯಿತು, ಆ ಅರ್ಜಿ ಕೋರಿದ್ದು ಗುಲಾಮಗಿರಿ ಮುಂದುವರಿಯಲಿ ಎಂದು! ತರಗತಿಯಲ್ಲಿ ಈ ಪ್ರಸಂಗ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ಕೊನೆಗೆ 1844ರ ಡಿಸೆಂಬರಿನಲ್ಲಿ ಆ ನಿಯಮ ರದ್ದಾಯಿತು. ಗುಲಾಮಗಿರಿ ಮುಗಿಯಲು 1865 ಬರಬೇಕಾಯಿತು, ಅದೂ ಭೀಕರ ಅಂತರ್ಯುದ್ಧದ ನಂತರ. ಅಷ್ಟರಲ್ಲಿ ಆಡಮ್ಸ್ ತೀರಿಕೊಂಡು ಹದಿನೇಳು ವರ್ಷವಾಗಿತ್ತು.

ಈಗ 1996ಕ್ಕೆ ಬನ್ನಿ. ಅದೇ ಸಂಸತ್ತು ಬಜೆಟ್ ಮಸೂದೆಗೆ ಒಂದು ಸಾಲು ಸೇರಿಸಿತು: ರೋಗ ನಿಯಂತ್ರಣ ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪರ ವಾದಿಸಲು ಬಳಸುವಂತಿಲ್ಲ. ಬಂದೂಕಿನ ಗಾಯಗಳ ಸಂಶೋಧನೆಗೆ ಹಿಂದಿನ ವರ್ಷ ಖರ್ಚಾಗಿದ್ದ 26 ಲಕ್ಷ ಡಾಲರಿನಷ್ಟು ಹಣವನ್ನೂ ಕಡಿತ ಮಾಡಿತು. ಸಂಶೋಧನೆ ನಿಷೇಧ ಎಂದು ಎಲ್ಲೂ ಬರೆದಿರಲಿಲ್ಲ. ಹೆದರಿಕೆಯೇ ಸಾಕಾಯಿತು. ಮತ್ತೆ ಹಣ ಸಿಕ್ಕಿದ್ದು 2020ರ ಬಜೆಟ್ಟಿನಲ್ಲಿ. ಆ ಸಾಲು ಸೇರಿಸಿದ್ದ ಜೇ ಡಿಕಿಯವರೇ 2012ರ ಹೊತ್ತಿಗೆ ಸಂಶೋಧನೆ ನಡೆಯಬೇಕು ಎನ್ನತೊಡಗಿದ್ದರು. ಇದು ಸಂಸ್ಕೃತಿಯೂ ಅಲ್ಲ, ರಕ್ತವೂ ಅಲ್ಲ. ಸದಸ್ಯರು ಮತ ಹಾಕಿ ಮಾಡಿದ್ದು, ಮತ ಹಾಕಿಯೇ ಬಿಡಿಸಬೇಕಾದದ್ದು.

2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, 6 ಮಂದಿ ಸಿಬ್ಬಂದಿ ಸತ್ತರು. ನಾಲ್ಕು ತಿಂಗಳ ಬಳಿಕ, ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸುವ ತಿದ್ದುಪಡಿ ಮೇಲ್ಮನೆಯಾದ ಸೆನೆಟ್‌ಗೆ ಬಂತು. ಪರ 54, ವಿರುದ್ಧ 46. ಬಹುಮತವಿದ್ದರೂ ಸಾಲಲಿಲ್ಲ; ಬೇಕಿದ್ದದ್ದು 60, ಬಿದ್ದುಹೋಯಿತು.

ಇದೇ ಸೆನೆಟ್ 1964ರಲ್ಲಿ, ಕರಿಯರಿಗೆ ಸಮಾನತೆ ಕೊಡುವ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧದ ಮುಗಿಯದ ಭಾಷಣಗಳನ್ನು ನಿಲ್ಲಿಸಲು 67 ಮತ ಹುಡುಕಬೇಕಿತ್ತು, 71 ಸಿಕ್ಕಿತು. ಮಿದುಳಿನ ಗೆಡ್ಡೆಯಿಂದ ಮಾತು ನಿಂತುಹೋಗಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಗಾಲಿಕುರ್ಚಿಯಲ್ಲಿ ಬಂದು, ತಮ್ಮ ಕಣ್ಣಿನತ್ತ ಬೆರಳು ತೋರಿಸಿ ಒಪ್ಪಿಗೆ ಸೂಚಿಸಿದರು (ಇಂಗ್ಲಿಷಿನಲ್ಲಿ ಕಣ್ಣಿಗೂ ‘ಐ’, ಸದನದಲ್ಲಿ ‘ಹೌದು’ ಎನ್ನುವುದಕ್ಕೂ ‘ಐ’). ವಿರೋಧ ಪಕ್ಷದ ನಾಯಕ ಡರ್ಕ್ಸೆನ್ ತಮ್ಮವರನ್ನು ಒಬ್ಬೊಬ್ಬರಾಗಿ ಒಪ್ಪಿಸಿದ್ದರು. ಸಂಕಲ್ಪ ಎಂದು ನಾನು ಕರೆಯುವುದು ಇದನ್ನು. ದುರಂತದ ಮರುದಿನ ಮೈಕಿನ ಮುಂದೆ ಪ್ರಾರ್ಥನೆ ಹೇಳುವುದನ್ನಲ್ಲ.

ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಬಲ್ಲೆ. ಶಸ್ತ್ರ ಇಟ್ಟುಕೊಳ್ಳುವ ಹಕ್ಕು 1791ರಿಂದ ಅವರ ಸಂವಿಧಾನದಲ್ಲೇ ಇದೆ, ಅದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆದರೆ ಕರಿಯರು ನಾಗರಿಕರೇ ಅಲ್ಲ ಎಂದು 1857ರಲ್ಲಿ ತೀರ್ಪು ಕೊಟ್ಟದ್ದೂ ಅದೇ ಕೋರ್ಟು. ಇನ್ನು, ಟೆಕ್ಸಸ್ ರಾಜ್ಯದ ಯುವಾಲ್ಡಿಯ ಶಾಲೆಯಲ್ಲಿ ಗುಂಡಿಗೆ 19 ಮಕ್ಕಳು ಸತ್ತ ಮೇಲೆ 2022ರಲ್ಲಿ ಒಂದು ಸಣ್ಣ ಕಾನೂನು ಬಂತು. 21 ವರ್ಷ ತುಂಬದವರು ಬಂದೂಕು ಕೊಳ್ಳಲು ಹೋದರೆ ಹೆಚ್ಚಿನ ಪರಿಶೀಲನೆ. ಸೆನೆಟ್ಟಿನಲ್ಲಿ ಪರವಾಗಿ 65 ಮತ ಬಿದ್ದವು, ಅದರಲ್ಲಿ 15 ರಿಪಬ್ಲಿಕನ್ನರದು. ಸಾಲದು, ಆದರೆ ಆಗುವುದೇ ಇಲ್ಲ ಎಂದವರ ಮಾತಂತೂ ಸುಳ್ಳಾಯಿತು.

ನನ್ನ ಮಗಳು ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಬಂದೂಕುಧಾರಿ ಬಂದರೆ ದೀಪ ಆರಿಸಿ ಬೆಂಚಿನಡಿ ಕೂರುವ ತಾಲೀಮನ್ನು ಮೊಮ್ಮಗನಿಗೆ ಶಾಲೆಯಲ್ಲಿ ಮಾಡಿಸುತ್ತಾರೆ. ಅಭ್ಯರ್ಥಿಗಳು ಕನ್ನಡ ಕೂಟದ ಕಾರ್ಯಕ್ರಮಕ್ಕೆ ಬಂದರೆ ನಮ್ಮವರು ಕೇಳುವುದು ವೀಸಾ, ತೆರಿಗೆ ಎರಡೇ ಅಂತೆ. ಈ ಪತ್ರ ಓದುವವರ ಮಕ್ಕಳೂ ಅಲ್ಲಿ ಮತದಾರರಾಗಿದ್ದರೆ ದಯವಿಟ್ಟು ಇಷ್ಟು ಹೇಳಿ: ಹಿನ್ನೆಲೆ ಪರಿಶೀಲನೆ ಮಸೂದೆಗೆ ಯಾವ ಕಡೆ ಮತ ಹಾಕಿದಿರಿ ಎಂದು ಆ ಅಭ್ಯರ್ಥಿಯನ್ನು ಎಲ್ಲರೆದುರು ಕೇಳಲಿ.

— ನಿವೃತ್ತ ಇತಿಹಾಸ ಶಿಕ್ಷಕ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ